ಮೂವತ್ತೇಳು ಎಂದರೆ ಯಾವ ಮೂವತ್ತೇಳು?

ಮಾನ್ಯರೇ,

ನಿಮ್ಮ ದೀರ್ಘ ಪತ್ರದ ತಿರುಳನ್ನು ಉಳಿದ ಓದುಗರಿಗಾಗಿ ಮೊದಲು ಹೇಳಿಬಿಡುತ್ತೇನೆ. ಬೇಹು ತಂತ್ರಾಂಶಗಳನ್ನು, ಅಂದರೆ ಕದ್ದುಮುಚ್ಚಿ ನಮ್ಮ ಮೇಲೆ ಕಣ್ಣಿಡುವ ಸ್ಪೈವೇರ್‌ಗಳನ್ನು, ಹಿಡಿಯುವ ಎರಡು ಸಾಧನಗಳು ನಿಮ್ಮ ಕಂಪ್ಯೂಟರಿನಲ್ಲಿವೆ. ಒಂದು 37 ಅಪಾಯಗಳಿವೆ ಎನ್ನುತ್ತದೆ, ಇನ್ನೊಂದು ಏನೂ ಇಲ್ಲ ಎನ್ನುತ್ತದೆ. ಆದರೂ ನಿಮಗೆ ಎರಡರ ಮೇಲೂ ನಂಬಿಕೆ. ‘ಯಂತ್ರಕ್ಕೆ ರಾಗದ್ವೇಷವಿಲ್ಲ, ಪಟ್ಟಿಯಲ್ಲಿ ಇರುವುದನ್ನು ಹಿಡಿಯುತ್ತದೆ, ಇಲ್ಲದ್ದನ್ನು ಬಿಡುತ್ತದೆ’ ಎಂದು ಬರೆದಿದ್ದೀರಿ. ಅಪಾಯಕಾರಿ ತಂತ್ರಾಂಶಗಳ ಈ ಪಟ್ಟಿ ಬರೆಯುವವರ ಉದ್ದೇಶವೇನೆಂದು ಕೇಳಿದ ಕಳೆದ ಸಂಚಿಕೆಯ ನಮ್ಮ ಲೇಖನ ಸಲ್ಲದ ಅನುಮಾನ ಬಿತ್ತಿತೆಂದು ಬೇಸರವನ್ನೂ ಪಟ್ಟಿದ್ದೀರಿ.

ಯಂತ್ರಕ್ಕೆ ರಾಗದ್ವೇಷವಿಲ್ಲ, ಒಪ್ಪಿದೆ. ಪಟ್ಟಿ ಬರೆದವರಿಗೆ?

ನಿಮ್ಮ ಪರವಾಗಿ ಒಂದು ಮಾತು ಹೇಳಲೇಬೇಕು. ಗುಪ್ತಪದ ಕದಿಯುವ, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ಕುತಂತ್ರಾಂಶಗಳ ವಿಷಯದಲ್ಲಿ ಈ ಸಾಧನಗಳು ನಿಯತ್ತಾಗಿಯೇ ದುಡಿಯುತ್ತವೆ. ಅವುಗಳನ್ನು ಬರೆದವನು ತನ್ನನ್ನು ಕಳ್ಳನೆಂದು ಕರೆದಿರೆಂದು ವಕೀಲರ ನೋಟಿಸು ಕಳುಹಿಸುವುದಿಲ್ಲ. ಆರೋಪಿಗೆ ಕಚೇರಿ, ವಿಳಾಸ, ಷೇರುದಾರರು ಇದ್ದಾಗಲೇ ಪಟ್ಟಿ ಬರೆಯುವವನ ಕೈ ನಡುಗುವುದು.

2005ರ ಕತೆ ಕೇಳಿ. ನೀವು ಯಾವ ಪುಟ ನೋಡುತ್ತೀರೆಂದು ಗಮನಿಸಿ ಜಾಹೀರಾತು ಚಿಮ್ಮಿಸುತ್ತಿದ್ದ ಕ್ಲಾರಿಯಾ ಎಂಬ ಕಂಪನಿಯಿತ್ತು. ಗೇಟರ್ ಎಂಬ ಹಳೆಯ ಹೆಸರಿನಲ್ಲಿ ಅದು ಸಾಕಷ್ಟು ಕುಖ್ಯಾತಿ ಗಳಿಸಿತ್ತು. ಮೈಕ್ರೋಸಾಫ್ಟ್‌ನ ಪ್ರಾಯೋಗಿಕ ಸ್ಪೈವೇರ್ ನಿರೋಧಕ ಇದನ್ನು ಕಂಡೊಡನೆ ‘ಪ್ರತ್ಯೇಕಿಸಿ’ ಎಂದು ಸಲಹೆ ಕೊಡುತ್ತಿತ್ತು. ಆ ವರ್ಷದ ನಡುವಿನಲ್ಲಿ ಸಲಹೆ ‘ಕಡೆಗಣಿಸಿ’ ಎಂದಾಯಿತು. ಮೈಕ್ರೋಸಾಫ್ಟ್ ಕ್ಲಾರಿಯಾವನ್ನು ಕೊಳ್ಳುವ ಮಾತುಕತೆಯಲ್ಲಿದೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿದ್ದುದೂ ಅದೇ ಹೊತ್ತಿನಲ್ಲಿ. ಮರುಪರಿಶೀಲನೆಗೆ ಕ್ಲಾರಿಯಾ ಮನವಿ ಮಾಡಿತ್ತು, ಎಲ್ಲರಿಗೂ ಹಿಡಿದ ಅಳತೆಗೋಲನ್ನೇ ಅದಕ್ಕೂ ಹಿಡಿದೆವು ಎಂದು ಮೈಕ್ರೋಸಾಫ್ಟ್ ವಿವರಣೆ ಕೊಟ್ಟಿತು. ಖರೀದಿಯೂ ನಡೆಯಲಿಲ್ಲ. ಆ ವಿವರಣೆ ನಿಜವೇ ಇರಬಹುದು. ಆದರೆ ಆದದ್ದೇನೆಂದು ಹತ್ತಿರದಿಂದ ನೋಡಿ. ಸಾಧನ ಕ್ಲಾರಿಯಾವನ್ನು ಮೊದಲಿನಂತೆಯೇ ಪತ್ತೆ ಹಚ್ಚುತ್ತಿತ್ತು, ಪಟ್ಟಿಯಲ್ಲಿ ಹೆಸರೂ ಇತ್ತು. ಪಕ್ಕದ ಚೌಕದಲ್ಲಿ ಮೊದಲೇ ಆರಿಸಿಟ್ಟಿದ್ದ ಒಂದು ಪದ ಮಾತ್ರ ಬದಲಾಗಿತ್ತು. ಆ ಚೌಕವನ್ನು ಮುಟ್ಟಿ ಬದಲಿಸುವ ಬಳಕೆದಾರರು ಎಷ್ಟು ಮಂದಿ ಇದ್ದಾರು? ನಿಮ್ಮ ರಾಗದ್ವೇಷವಿಲ್ಲದ ಯಂತ್ರ ಅಂದೂ ಚೊಕ್ಕಟವಾಗಿಯೇ ಕೆಲಸ ಮಾಡಿತ್ತು.

ಅದೇ ವರ್ಷ ಅಕ್ಟೋಬರ್ 31ರಂದು ಮಾರ್ಕ್ ರುಸಿನೊವಿಚ್ ಎಂಬ ತಜ್ಞರು ಸೋನಿ ಬಿಎಂಜಿ ಕಂಪನಿಯ ಸಂಗೀತದ ಸಿ.ಡಿ.ಗಳ ಗುಟ್ಟು ಬಯಲು ಮಾಡಿದರು. ಸಿ.ಡಿ.ಯನ್ನು ಕಂಪ್ಯೂಟರಿಗೆ ಹಾಕಿದರೆ ನಕಲು ತಡೆಯುವ ತಂತ್ರಾಂಶವೊಂದು ಒಳಗೆ ಸೇರಿ ತನ್ನನ್ನು ತಾನೇ ಮರೆಮಾಡಿಕೊಳ್ಳುತ್ತಿತ್ತು. ಎರಡು ಡಾಲರ್ ಚಿಹ್ನೆಗಳ ನಡುವೆ ‘ಸಿಸ್’ ಎಂದು ಹೆಸರು ಆರಂಭವಾಗುವ ಯಾವ ಕಡತವಾದರೂ ಕಣ್ಣಿಗೆ ಬೀಳದಂತೆ ಅದು ಮಾಡುತ್ತಿತ್ತು. ಬೇರೆ ಕಳ್ಳರೂ ಅಲ್ಲಿ ಅಡಗಿ ಕೂರಬಹುದಿತ್ತು. ಆಮೇಲೆ ಕೂತರು ಕೂಡ. ಆ ಸಿ.ಡಿ.ಗಳು ಅಷ್ಟು ಹೊತ್ತಿಗಾಗಲೇ ತಿಂಗಳುಗಟ್ಟಲೆ ಮಾರಾಟವಾಗಿದ್ದವು. ಕಾವಲಿಗಿದ್ದ ದೊಡ್ಡ ಹೆಸರುಗಳು ಗ್ರಾಹಕರಿಗೆ ಒಂದು ಮಾತೂ ಹೇಳಿರಲಿಲ್ಲ. ಗುಟ್ಟು ರಟ್ಟಾದ ಮೇಲೂ ಕೆಲವು ಸಾಧನಗಳು ಮೊದಲು ತೆಗೆದದ್ದು ಮುಸುಕನ್ನು ಮಾತ್ರ. ಒಳಗಿನದು ಉಳಿದೇ ಇತ್ತು.

ಇನ್ನು ಪದಗಳ ವಿಷಯ. ಇಲ್ಲಿ ನನ್ನ ಹಳೆಯ ಹುಣ್ಣಿಗೆ ಕೈ ಹಾಕಿದ್ದೀರಿ, ಸಹಿಸಿಕೊಳ್ಳಿ. ವೈರಸ್ ಎನ್ನಲು ಧೈರ್ಯ ಸಾಲದ ಕಡೆ ಈ ಉದ್ಯಮ ಬಳಸುವ ವರ್ಗದ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ಅನಪೇಕ್ಷಿತ ಆಗಿರಬಹುದಾದ ತಂತ್ರಾಂಶ’. ಯಾರಿಗೆ ಅನಪೇಕ್ಷಿತ? ‘ಆಗಿರಬಹುದು’ ಎಂದು ಊಹಿಸಿದವರು ಯಾರು? ಜೀವಮಾನವಿಡೀ ಕರಡು ತಿದ್ದಿದ ನನಗೆ ಕರ್ತೃವಿಲ್ಲದ ಇಂಥ ಪದಪುಂಜ ಕಂಡರೆ ಕೆಂಪು ಪೆನ್ನು ತಾನಾಗಿ ಕೈಗೆ ಬರುತ್ತದೆ. 2016ರಲ್ಲಿ ಮಾಲ್‌ವೇರ್‌ಬೈಟ್ಸ್ ಎಂಬ ಭದ್ರತಾ ತಂತ್ರಾಂಶ ಕಂಪನಿ ಇದೇ ಹಣೆಪಟ್ಟಿಯನ್ನು ಎನಿಗ್ಮಾ ಕಂಪನಿಯ ಸ್ಪೈಹಂಟರ್‌ಗೆ ಅಂಟಿಸಿತು. ಸ್ಪೈಹಂಟರ್ ಕೂಡ ಸ್ಪೈವೇರ್ ಹಿಡಿಯುವ ಸಾಧನವೇ! ಜಗಳ ಅಮೆರಿಕದ ಮೇಲ್ಮನವಿ ನ್ಯಾಯಾಲಯಕ್ಕೆ ಹೋಯಿತು. ಇಂಥ ಸಾಧನಗಳಿಗೆ ಕಾನೂನಿನ ರಕ್ಷಣೆ ಉಂಟೆಂದು 2009ರಲ್ಲಿ ಕ್ಯಾಸ್ಪರ್‌ಸ್ಕಿ ಎಂಬ ಇನ್ನೊಂದು ಭದ್ರತಾ ಕಂಪನಿಯ ಪರವಾಗಿ ತೀರ್ಪಿತ್ತಿದ್ದ ಅದೇ ನ್ಯಾಯಾಲಯ, ಪ್ರತಿಸ್ಪರ್ಧಿಯನ್ನು ತುಳಿಯುವುದೇ ಉದ್ದೇಶವಾಗಿದ್ದರೆ ಆ ರಕ್ಷಣೆ ಸಿಗದು ಎಂದು 2019ರಲ್ಲಿ ಹೇಳಿತು. ಉದ್ದೇಶದ ಪ್ರಶ್ನೆ ನ್ಯಾಯಾಧೀಶರ ಮುಂದೆಯೇ ಎದ್ದಿರುವಾಗ, ಅದನ್ನು ಕೇಳಿದ ನಮ್ಮ ಲೇಖಕರನ್ನು ಅನುಮಾನದ ಪ್ರಾಣಿ ಎನ್ನುವುದು ಸರಿಯೇ?

ಇದಕ್ಕಿಂತ ಕೆಟ್ಟ ಪದವೂ ಇತ್ತು: ‘ವೈರಸ್ ಅಲ್ಲ’. ಹೆಂಡತಿಯ ಮೊಬೈಲಿಗೆ ಗಂಡ ಕದ್ದುಮುಚ್ಚಿ ತುಂಬುವಂಥ ಬೇಹು ತಂತ್ರಾಂಶಗಳನ್ನು ಕ್ಯಾಸ್ಪರ್‌ಸ್ಕಿ ಆ ಹೆಸರಿನಡಿ ತೋರಿಸುತ್ತಿತ್ತು. ಸಂದೇಶಗಳನ್ನೆಲ್ಲ ಇನ್ನೊಬ್ಬ ಓದುತ್ತಿರುವಾಗ ಆಕೆಯ ಪರದೆಯ ಮೇಲೆ ‘ವೈರಸ್ ಅಲ್ಲ’ ಎಂದು ಬಂದರೆ ಆಕೆ ಏನೆಂದು ತಿಳಿಯಬೇಕು? ಇವಾ ಗಾಲ್ಪೆರಿನ್ ಎಂಬ ಭದ್ರತಾ ತಜ್ಞೆ ಪಟ್ಟು ಹಿಡಿದ ಮೇಲೆ, 2019ರಲ್ಲಿ ಖಾಸಗಿತನಕ್ಕೆ ಅಪಾಯವಿದೆ ಎಂಬ ನೇರ ಎಚ್ಚರಿಕೆ ಬಂತು. ಸಾಧನಕ್ಕೆ ಮೊದಲಿನಿಂದಲೂ ಗೊತ್ತಿತ್ತು, ಬಾಯಿ ಬಿಟ್ಟು ಹೇಳಿರಲಿಲ್ಲ ಅಷ್ಟೇ.

ಅವಾಸ್ಟ್ ಎಂಬ ವೈರಸ್ ನಿರೋಧಕ ಕಂಪನಿಯ ವಿಷಯ ಬೇಗ ಮುಗಿಸುತ್ತೇನೆ. ಕಾವಲು ಕಾಯುತ್ತೇನೆಂದು ಕಂಪ್ಯೂಟರಿನೊಳಗೆ ಕೂತು, ಬಳಕೆದಾರರ ಜಾಲತಾಣ ಭೇಟಿಗಳ ವಿವರವನ್ನು ತನ್ನ ಅಂಗಸಂಸ್ಥೆಯ ಮೂಲಕ ಮಾರಿದ್ದಕ್ಕೆ 2024ರಲ್ಲಿ ಅದು 1.65 ಕೋಟಿ ಡಾಲರ್ ತೆರಬೇಕಾಯಿತು. ಬೇಲಿ ಮತ್ತು ಹೊಲದ ಗಾದೆ ನಿಮಗೂ ಗೊತ್ತು.

ನಮ್ಮ ವೃತ್ತಿಯೇನೂ ಸಾಚಾ ಅಲ್ಲ. ಇಂಥದೇ ಸಾಧನ ತಯಾರಿಸುವ ಕಂಪನಿಯೊಂದು ಹಿಂದೆ ನಮಗೆ ‘ವಿಮರ್ಶೆ’ಯೊಂದನ್ನು ಬರೆದೇ ಕಳುಹಿಸಿತ್ತು, ಜೊತೆಗೆ ಪೂರ್ಣಪುಟದ ಜಾಹೀರಾತಿನ ಆಸೆಯನ್ನೂ. ನಾವು ಎರಡನ್ನೂ ಬಿಟ್ಟೆವು. ಆದರೆ ಅದೇ ಬರಹ ಒಂದಕ್ಷರವೂ ಬದಲಾಗದೆ ಬೇರೆ ಕಡೆ ಅಚ್ಚಾದದ್ದನ್ನು, ಮೂಲೆಯಲ್ಲಿ ಇರುವೆಯಷ್ಟು ಸಣ್ಣಕ್ಷರದಲ್ಲಿ ‘ಪ್ರಾಯೋಜಿತ’ ಎಂದಿದ್ದನ್ನು ಕನ್ನಡಕ ಹಾಕಿಕೊಂಡು ಓದಿದ್ದೇನೆ. ಅದೂ ಒಂದು ಬಗೆಯ ‘ಕಡೆಗಣಿಸಿ’.

ಇನ್ನು ನಿಮ್ಮ ಮೂವತ್ತೇಳು. ಪತ್ರದಲ್ಲಿ ಆ ಸಂಖ್ಯೆಯನ್ನು ಮೂರು ಸಲ ಬರೆದಿದ್ದೀರಿ, ಮೂವತ್ತೇಳರಲ್ಲಿ ಒಂದರ ಹೆಸರನ್ನೂ ಬರೆದಿಲ್ಲ. ನಿಮ್ಮ ಪತ್ರ ಬಂದ ದಿನ ನಾನೂ ಕಚೇರಿಯ ಕಂಪ್ಯೂಟರಿನಲ್ಲಿ ಇಂಥದೊಂದು ಸಾಧನದ ಉಚಿತ ಆವೃತ್ತಿಯನ್ನು ಓಡಿಸಿದೆ. ಕೆಂಪು ಅಕ್ಷರದಲ್ಲಿ 212 ಎಂದು ಬಂತು. ‘ಈಗಲೇ ತೆಗೆಯಿರಿ’ ಒತ್ತಿದರೆ ಹಣ ಪಾವತಿಸುವ ಪುಟ. ‘ವಿವರ’ ಎಂಬ ಮಾಸಲು ಬಣ್ಣದ ಪುಟ್ಟ ಕೊಂಡಿಯನ್ನು ಹುಡುಕಿ ಒತ್ತಿದಾಗ ಬಂಡವಾಳ ಗೊತ್ತಾಯಿತು: ಎಲ್ಲವೂ ಕುಕಿಗಳು, ಜಾಲತಾಣಗಳು ಗುರುತಿಗಾಗಿ ಬಿಟ್ಟುಹೋದ ಚೂರುಪಾರು ಅಕ್ಷರಗಳು. ಆ ಪಟ್ಟಿಯಲ್ಲಿ ನಮ್ಮ ಪತ್ರಿಕೆಯ ಜಾಲತಾಣದ್ದೂ ಒಂದಿತ್ತು, ಓದುಗರ ತಲೆ ಎಣಿಸುವಂಥದ್ದು. ಅದನ್ನು ಹಿಡಿದದ್ದು ತಪ್ಪೆಂದು ಹೇಳಲು, ನಿಜ ಹೇಳಬೇಕೆಂದರೆ, ನನಗೆ ನಾಲಿಗೆ ಏಳಲಿಲ್ಲ.

ನಿಮ್ಮದರಲ್ಲಿಯೂ ಆ ಮಾಸಲು ಕೊಂಡಿ ಎಲ್ಲೋ ಇದ್ದೀತು. ಹಣ ಕಟ್ಟುವ ಮೊದಲು ಅದನ್ನು ಒತ್ತಿ, ಮೂವತ್ತೇಳು ಹೆಸರುಗಳನ್ನೂ ಬರೆದು ಕಳುಹಿಸಿ. ನಮ್ಮದು ಅಲ್ಲಿಯೂ ಇದ್ದರೆ ಮುಚ್ಚಿಡದೆ ತಿಳಿಸಿ.

— ಸಂಪಾದಕ