ಮಲ್ಪೆಯ ಟ್ರಾಲ್ ಬೋಟ್‌ನಲ್ಲಿ ಕೆಲಸ ಹೇಗಿರುತ್ತದೆ? ರಾತ್ರಿ ನಿದ್ದೆ ಸಿಗುತ್ತದಾ?

ಸಿಗುತ್ತದೆ, ಆದರೆ ತುಂಡು ತುಂಡಾಗಿ. ಆಳಸಮುದ್ರದ ಬೋಟುಗಳು ಡೀಸೆಲ್, ಐಸ್, ಅಕ್ಕಿ, ಕುಡಿಯುವ ನೀರು ತುಂಬಿಸಿಕೊಂಡು ಹೊರಟರೆ ವಾಪಸ್ ಬರೋದು ಎಂಟು-ಹತ್ತು ದಿನಕ್ಕೆ. ಬಲೆ ಇಳಿಸಿ ಎರಡು ಮೂರು ಗಂಟೆ ಎಳೆಯುತ್ತಾರೆ. ಮಲಗೋದು ಆ ಹೊತ್ತಲ್ಲೇ. ಅದೂ ಹಿಂದಿನ ಸಲದ ಮೀನು ವಿಂಗಡಿಸಿ ಮುಗಿದಿದ್ದರೆ ಮಾತ್ರ.

ನನ್ನ ಪ್ರಕಾರ ಜಾಸ್ತಿ ಕಷ್ಟ ಇರೋದು ಈ ವಿಂಗಡಣೆಯಲ್ಲೇ. ಹಗ್ಗ ಸುತ್ತುವ ವಿಂಚ್ ಯಂತ್ರ ಬಲೆಯನ್ನು ಮೇಲೆತ್ತುತ್ತದೆ, ತುದಿಯ ಚೀಲದ ಗಂಟು ಬಿಚ್ಚಿದ ಕೂಡಲೇ ಡೆಕ್ ಮೇಲೆ ರಾಶಿ ಬೀಳುತ್ತದೆ. ಕುಕ್ಕರುಗಾಲಲ್ಲಿ ಕೂತು ಮದ್ಮಲ್ ಮೀನು ಒಂದು ಕಡೆ, ಬೊಂಡಾಸ್ (ಸ್ಕ್ವಿಡ್) ಒಂದು ಕಡೆ ಹಾಕಬೇಕು. ಬೋಟು ಹೊಯ್ದಾಡುತ್ತಲೇ ಇರುತ್ತದೆ. ಮುಳ್ಳು ಚುಚ್ಚಿದ ಬೆರಳಿಗೆ ಉಪ್ಪುನೀರು ತಾಗಿದರೆ ಚುರ್ ಅನ್ನುತ್ತದೆ, ಆದರೂ ಕೈ ನಿಲ್ಲಿಸುವ ಹಾಗಿಲ್ಲ. ತಡವಾದರೆ ಮೀನು ಮೆತ್ತಗಾಗಿ, ಬೋಟಿಂದ ಮೀನು ಇಳಿಸುವ ದಕ್ಕೆಯಲ್ಲಿ ರೇಟು ಬೀಳುತ್ತದೆ ಅಲ್ವಾ? ಆಮೇಲೆ ಒಂದು ಪದರ ಐಸ್, ಒಂದು ಪದರ ಮೀನು.

ಅಡುಗೆ ಬೋಟಲ್ಲೇ, ಅನ್ನ ಮತ್ತು ಮೀನು ಸಾರು. ಬೋಟು ನಡೆಸುವ ತಂಡೇಲರಿಗಂತೂ ನಿದ್ದೆ ಇನ್ನೂ ಕಡಿಮೆ. ಜಿಪಿಎಸ್, ಫಿಶ್ ಫೈಂಡರ್ ಇದ್ದರೂ ಕಣ್ಣು ನೀರಿನ ಮೇಲೇ ಇರಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆಗ ದಡದಲ್ಲಿ ಕೂತು ಹರಿದ ಬಲೆ ರಿಪೇರಿ ಮಾಡುತ್ತಾರೆ.