ಟೆಕ್ಸಸ್ ಶಾಲೆಯಲ್ಲಿ ಗನ್ ಹಿಡಿದ ಪೊಲೀಸ್: ಮೈಸೂರಿನ ತಾಯಿಯೊಬ್ಬರಿಗೆ ಉತ್ತರ

ಮುಂದಿನ ತಿಂಗಳು ಮೈಸೂರಿನಿಂದ ಡಲ್ಲಾಸ್ ಕಡೆಗೆ ಬರುತ್ತಿದ್ದೀರಿ, ಮಗಳು ಮೂರನೇ ಕ್ಲಾಸು. "ಅಲ್ಲಿ ಶಾಲೆಯಲ್ಲೇ ಗನ್ ಹಿಡಿದ ಪೊಲೀಸ್ ಇರ್ತಾರಂತೆ, ಮಕ್ಕಳಿಗೆ ಕತ್ತಲಲ್ಲಿ ಅಡಗಿ ಕೂರೋದು ಕಲಿಸ್ತಾರಂತೆ, ನಿಜವಾ? ಕರ್ಕೊಂಡು ಬರಬಹುದಾ?" ಅಂತ ಕೇಳಿದ್ದೀರಿ. ಎರಡೂ ನಿಜ. ಧೈರ್ಯವಾಗಿ ಕರ್ಕೊಂಡು ಬನ್ನಿ. ನನ್ನ ಇಬ್ಬರು ಮಕ್ಕಳೂ ಇಲ್ಲಿನ ಸರ್ಕಾರಿ ಶಾಲೆಯಲ್ಲೇ ಓದಿದವರು.

2022ರ ಮೇ 24ರಂದು ಇದೇ ರಾಜ್ಯದ ಯುವಾಲ್ಡಿ ಊರಿನಲ್ಲಿ, ರಾಬ್ ಎಲಿಮೆಂಟರಿ ಶಾಲೆಯ 19 ಮಕ್ಕಳು ಮತ್ತು ಇಬ್ಬರು ಟೀಚರ್‌ಗಳನ್ನು ಒಬ್ಬ ಹುಡುಗ ಗುಂಡಿಟ್ಟು ಕೊಂದ. ಅದಾದ ಮರುವರ್ಷ ಬಂದ ಕಾನೂನುಗಳ ಪ್ರಕಾರ ಪ್ರತಿ ಶಾಲೆಯಲ್ಲೂ ಶಾಲೆ ನಡೆಯುವಷ್ಟು ಹೊತ್ತು ಆಯುಧ ಇರುವ ಒಬ್ಬ ಅಧಿಕಾರಿ ಇರಬೇಕು, ಪ್ರತಿ ಕ್ಲಾಸ್‌ರೂಮಿನಲ್ಲೂ ಸದ್ದಿಲ್ಲದೆ ಸಹಾಯ ಕರೆಯುವ ಪ್ಯಾನಿಕ್ ಬಟನ್ ಇರಬೇಕು. ಸರ್ಕಾರ ಆಗ ಒಂದು ಶಾಲೆಗೆ ವರ್ಷಕ್ಕೆ ಕೊಟ್ಟಿದ್ದು 15,000 ಡಾಲರ್. ಅದರಲ್ಲಿ ಒಬ್ಬ ಪೊಲೀಸರ ಸಂಬಳವೂ ಆಗುವುದಿಲ್ಲ. ಹಾಗಾಗಿ ಎಷ್ಟೋ ಕಡೆ ವಿನಾಯಿತಿ ಪಡೆದು, ತರಬೇತಿ ಪಡೆದ ಸಿಬ್ಬಂದಿಗೇ ಗನ್ ಕೊಟ್ಟಿದ್ದಾರೆ. ನಿಮ್ಮ ಶಾಲೆಯಲ್ಲಿ ಗನ್ ಯಾರ ಹತ್ತಿರ ಇದೆ ಅಂತ ಮೊದಲ ವಾರವೇ ಕೇಳಿ.

ಆದರೆ ಗನ್ ಇದ್ದರೆ ಸಾಕು ಅಂತ ಮಾತ್ರ ನಂಬಬೇಡಿ. ಯುವಾಲ್ಡಿಗೆ ಓಡಿ ಬಂದ ಪೊಲೀಸರು 376 ಜನ. ಆ ಹುಡುಗ ಇದ್ದ ಕೊಠಡಿಯೊಳಗೆ ಹೋಗಲು ಅವರು ತೆಗೆದುಕೊಂಡಿದ್ದು 77 ನಿಮಿಷ. ಇವತ್ತಿಗೂ ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಒಂದು ಕ್ಲಾಸ್‌ರೂಮಿನ ಬೀಗ ಸರಿಯಾಗಿ ಬೀಳುತ್ತಿರಲಿಲ್ಲ, ಅದು ಶಾಲೆಯವರಿಗೆ ಮೊದಲೇ ಗೊತ್ತಿತ್ತು. ಒಂದು ಬೀಗ ರಿಪೇರಿ ಮಾಡಿಸುವುದು ದೊಡ್ಡ ಕೆಲಸವಾ?

ಯಂತ್ರಗಳ ಕಥೆಯೂ ಹಾಗೇ. 2024ರ ಸೆಪ್ಟೆಂಬರ್‌ನಲ್ಲಿ ಜಾರ್ಜಿಯಾದ ಅಪಲಾಚಿ ಹೈಸ್ಕೂಲಿನ ಟೀಚರ್‌ಗಳು ಕೊರಳಿನ ಬ್ಯಾಡ್ಜ್‌ನ ಬಟನ್ ಒತ್ತಿದರು, ಶಾಲೆಯ ಪೊಲೀಸ್ ಅಧಿಕಾರಿ ಬೇಗ ಎದುರಾದದ್ದಕ್ಕೆ ಗುಂಡು ಹಾರಿಸುತ್ತಿದ್ದ ಹುಡುಗ ಶರಣಾದ. ಬಟನ್ ಜೀವ ಉಳಿಸಿತು. ಆದರೂ ಅಷ್ಟರಲ್ಲಿ ನಾಲ್ಕು ಜನ ಸತ್ತಿದ್ದರು. ಇನ್ನು ಬಾಲ್ಟಿಮೋರ್ ಹತ್ತಿರ 2025ರಲ್ಲಿ, ಎಐ ಕ್ಯಾಮೆರಾ ಚಿಪ್ಸ್ ಪ್ಯಾಕೆಟ್ಟನ್ನೇ ಗನ್ ಅಂದುಕೊಂಡು, ಪೊಲೀಸರು ಬಂದು ಹುಡುಗನ ಕೈಗೆ ಕೋಳ ಹಾಕಿದರು.

ನೀವು ಕೇಳಿದ ಆ ಅಡಗಿ ಕೂರುವ ಅಭ್ಯಾಸ, ಅಂದರೆ ಲಾಕ್‌ಡೌನ್ ಡ್ರಿಲ್, ಸೆಮಿಸ್ಟರ್‌ಗೆ ಒಮ್ಮೆ ಇರುತ್ತದೆ. ಬಾಗಿಲಿಗೆ ಬೀಗ, ದೀಪ ಬಂದ್, ಮೂಲೆಯಲ್ಲಿ ಸದ್ದಿಲ್ಲದೆ ಕೂರುವುದು. ಅಷ್ಟೇ. ಮನೆಗೆ ಬಂದ ಮಗು ಅದರ ಬಗ್ಗೆ ಹೇಳಿದರೆ ಪೂರ್ತಿ ಕೇಳಿಸಿಕೊಳ್ಳಿ, "ಏನೂ ಆಗಲ್ಲ ಬಿಡು" ಅಂತ ಮಾತು ಮುಗಿಸಬೇಡಿ. ಅಜ್ಜಿ ತಾತ ಊರಿಂದ ಬಂದು ಮೊಮ್ಮಗಳನ್ನು ಕರೆತರಲು ಹೋದರೆ ಪಾಸ್‌ಪೋರ್ಟ್ ಜೊತೆಗಿರಲಿ, ಅವರ ಹೆಸರನ್ನು ನೀವು ಮೊದಲೇ ಆಫೀಸಿನಲ್ಲಿ ಬರೆಸಿರಬೇಕು. ದೀಪಾವಳಿಯ ಆಟದ ಪಿಸ್ತೂಲು ಸ್ಕೂಲ್ ಬ್ಯಾಗಿಗೆ ಹೋಗಲೇಬಾರದು. ತಮಾಷೆಗೂ "ಶೂಟ್ ಮಾಡ್ತೀನಿ" ಅನ್ನಬಾರದು ಅಂತ ಈಗಲೇ ಹೇಳಿಕೊಡಿ. ಇಲ್ಲಿ ಅಂಥ ಮಾತಿಗೆ ಮಕ್ಕಳ ಮೇಲೂ ಕೇಸು ಬೀಳುತ್ತದೆ.

ನನ್ನ ಕೇಳಿದರೆ ಶಾಲೆಯ ಗೇಟಿಗಿಂತ ಜಾಸ್ತಿ ಗಮನ ಬೇಕಾದದ್ದು ಮನೆಗಳ ಮೇಲೆ. ಇಲ್ಲಿನ ಅಧ್ಯಕ್ಷರ ಭದ್ರತೆ ನೋಡಿಕೊಳ್ಳುವ ಸೀಕ್ರೆಟ್ ಸರ್ವಿಸ್ 2019ರಲ್ಲಿ ಶಾಲಾ ದಾಳಿಗಳನ್ನು ಅಧ್ಯಯನ ಮಾಡಿತ್ತು. ಗನ್ ಬಳಸಿದ ದಾಳಿಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರರಲ್ಲಿ ಆ ಗನ್ ಬಂದದ್ದು ಅಪ್ಪ ಅಮ್ಮನ ಅಥವಾ ಹತ್ತಿರದ ನೆಂಟರ ಮನೆಯಿಂದ. ಮಗಳು ಗೆಳತಿಯ ಮನೆಗೆ ಆಡಲು ಹೋಗುವ ಮೊದಲು ಆ ತಾಯಿಗೆ ಫೋನ್ ಮಾಡಿ, ಮನೆಯಲ್ಲಿ ಗನ್ ಇದೆಯಾ, ಗುಂಡು ತೆಗೆದು ಬೀಗ ಹಾಕಿಟ್ಟಿದ್ದೀರಾ ಅಂತ ನೇರವಾಗಿ ಕೇಳಿ. ಸಂಕೋಚ ಬೇಡ. ಅಲರ್ಜಿ ಬಗ್ಗೆ, ನಾಯಿ ಬಗ್ಗೆ ಕೇಳುವಾಗಲೇ ಇದನ್ನೂ ಕೇಳಿಬಿಡಿ. ಕನ್ನಡದವರ ಮನೆಯಾದರೂ ಕೇಳಿ, ಗನ್ ಇಟ್ಟುಕೊಂಡವರು ನಮ್ಮವರಲ್ಲೂ ಇದ್ದಾರೆ.