ತ.ರಾ.ಸು. ಅವರ ದುರ್ಗದ ಕಾದಂಬರಿಗಳನ್ನು ಮತ್ತೆ ಓದುವುದಾದರೆ ಎಲ್ಲಿಂದ ಶುರುಮಾಡಬೇಕು?

ಶಿರಸಿಯ ಮಳೆಗಾಲದಲ್ಲಿ ತ.ರಾ.ಸು. (ತ.ರಾ. ಸುಬ್ಬರಾವ್) ಬರೆದ ದುರ್ಗದ ಕಾದಂಬರಿಗಳನ್ನು, ಅಂದರೆ ಚಿತ್ರದುರ್ಗದ ನಾಯಕ ಅರಸರ ಕಥೆಗಳನ್ನು, ಮತ್ತೆ ಹಿಡೀಬೇಕು ಅಂದಿದ್ದೀರಿ. ಹಳೆ ಪ್ರತಿಗಳಿಗೆ ಬೂಷ್ಟು ಬಂದಿದೆ, ಇತ್ತೀಚೆಗೆ ತಂದ ಹೊಸ ಪುಸ್ತಕಗಳೆಲ್ಲ ಅರ್ಧಕ್ಕೇ ನಿಂತಿವೆ ಅಂತಲೂ ಬರೆದಿದ್ದೀರಿ.

ಬೂಷ್ಟಿನದು ಮೊದಲು, ಅದು ಕಾಯೋದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಕಲೆ ಕಾಗದದೊಳಗೆ ಇಳಿದು ಖಾಯಂ ಆಗ್ತದೆ. ಮಳೆ ಹೊಳವಾದ ದಿನ ಜಗುಲಿಯ ನೆರಳಲ್ಲಿ ಹಾಳೆ ಬಿಡಿಸಿ ನಿಲ್ಲಿಸಿ. ಪೂರ್ತಿ ಒಣಗಿದ ಮೇಲೇ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಂದಿಂಚಿನ ಮೆತ್ತನೆ ಪೇಂಟ್ ಬ್ರಷ್‌ನಲ್ಲಿ ಹೊಲಿಗೆಯ ಕಡೆಯಿಂದ ಅಂಚಿನ ಕಡೆಗೆ ಝಾಡಿಸಿ. ಹಸಿ ಇರುವಾಗ ಉಜ್ಜಿದರೆ ಬೂಷ್ಟು ಮೆತ್ತಿಕೊಂಡು ಪಕ್ಕದ ಹಾಳೆಗೂ ಹರಡ್ತದೆ. ಬಿಸಿಲಿಗೆ ಇಟ್ಟರೆ ರಟ್ಟು ಸೊಟ್ಟಗಾಗಿ, ಹಳೆ ಅಂಟು ಬಿರಿದು ಹಾಳೆ ಕಳಚ್ತವೆ. ಒಲೆಯ ಮೇಲಿನ ಅಟ್ಟದಲ್ಲಿ ತೇವವೇನೋ ಹೋಗ್ತದೆ, ಆದರೆ ಹಾಳೆ ಹೊಗೆ ಹಿಡೀತದೆ. ಕಪಾಟನ್ನು ಗೋಡೆಯಿಂದ ಎರಡಿಂಚು ಮುಂದೆ ಎಳೆಯಿರಿ, ಪ್ಲಾಸ್ಟಿಕ್ ಹೊದಿಕೆ ತೆಗೆಯಿರಿ. ನುಸಿಗುಳಿಗೆ ಹುಳಕ್ಕೆ ಸರಿ, ತೇವಕ್ಕೆ ಅದರಿಂದ ಏನೂ ಆಗೋದಿಲ್ಲ.

ಇನ್ನು ಓದು. ಒಟ್ಟು ಎಂಟು ಕಾದಂಬರಿ. ಎಲ್ಲವನ್ನೂ ಸಾಲಾಗಿ ಮುಗಿಸುವ ಹಟ ಬೇಡ. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಈ ಮೂರು ಒಂದೇ ಕಥೆ, ದಳವಾಯಿ (ಸೇನಾಪತಿ) ಮುದ್ದಣ್ಣನ ಅಧಿಕಾರದ ಹಸಿವಿನದು. ನಡುವೆ ಬಿಡದೆ ಓದಿ. ಆಮೇಲೆ ನೇರ 'ದುರ್ಗಾಸ್ತಮಾನ'ಕ್ಕೆ ಹಾರಿ. 'ಹೊಸಹಗಲು', 'ವಿಜಯೋತ್ಸವ', 'ರಾಜ್ಯದಾಹ', 'ಕಸ್ತೂರಿ ಕಂಕಣ' ಇವು ನಂತರ ಬಿಡಿಬಿಡಿಯಾಗಿ ಸಾಕು.

ಓದು ಕೆಡುವುದು ಹೆಚ್ಚಾಗಿ ಹೆಸರುಗಳಲ್ಲಿ. ಓಬಣ್ಣ, ಮದಕರಿ, ಕಸ್ತೂರಿ ರಂಗಪ್ಪ ಎಂಬ ಹೆಸರುಗಳು ದುರ್ಗದ ಅರಸರ ವಂಶದಲ್ಲಿ ತಿರುತಿರುಗಿ ಬರ್ತವೆ. ಅರ್ಧ ಹಾಳೆಯಲ್ಲಿ ವಂಶಾವಳಿ ಬರೆದು, ಪ್ರತಿ ಹೆಸರಿನ ಪಕ್ಕ ಯಾರ ಮಗ, ದಳವಾಯಿ ಯಾರು ಅನ್ನೋದನ್ನು ಗುರುತುಮಾಡಿ ಪುಸ್ತಕದಲ್ಲೇ ಇಟ್ಟುಕೊಳ್ಳಿ. ದಿನಕ್ಕೆ ಇಪ್ಪತ್ತೈದು ಪುಟ ಹದವಾದ ವೇಗ. ಅದಕ್ಕಿಂತ ಓಡಿದರೆ ದರ್ಬಾರಿನಲ್ಲಿ ಯಾರು ಯಾರ ಕಡೆ ವಾಲಿದರು ಅನ್ನೋ ಸೂಕ್ಷ್ಮ ತಪ್ಪಿಹೋಗ್ತದೆ.

'ದುರ್ಗಾಸ್ತಮಾನ'ವನ್ನು ಮಾತ್ರ ನಕ್ಷೆ ಎದುರಿಗಿಟ್ಟುಕೊಂಡು ಓದಿ. 1763ರಲ್ಲಿ ಹೈದರಾಲಿ ಕೆಳದಿ ಅರಸರ ರಾಜಧಾನಿ ಬಿದನೂರಿನ ಮೇಲೆ ಹೋದಾಗ ಅವನಿಗೆ ನೆರವಾದವನು ಈ ಕಾದಂಬರಿಯ ನಾಯಕ, ದುರ್ಗದ ಕೊನೆಯ ಅರಸ ಮದಕರಿ ನಾಯಕ. ಬಿದನೂರು ಬಿತ್ತು. ಅದರ ಬೆನ್ನಿಗೆ ನಿಮ್ಮ ಪಕ್ಕದ ಸೋಂದೆಯೂ ಹೋಗಿ, ಅಲ್ಲಿಯ ಅರಸ ಗೋವೆ ಸೇರಿದ. 1779ರಲ್ಲಿ ಅದೇ ಹೈದರಾಲಿಯ ಕೈಗೆ ಬೀಳುವ ಸರದಿ ದುರ್ಗದ್ದು. ಕಾಲೇಜಿನ ವಯಸ್ಸಿನಲ್ಲಿ ಇದು ಬರೀ ಶೌರ್ಯದ ಕಥೆಯಾಗಿ ಕಂಡಿದ್ದೀತು. ಈಗ ಓದಿದರೆ ಮದಕರಿಯ ಮೇಲಿನ ಮರುಕದ ಜೊತೆಗೆ ಸಿಟ್ಟೂ ಬರ್ತದೆ, ಆ ಸಿಟ್ಟಿಗಾಗಿಯೇ ಈ ಪುಸ್ತಕ ಎರಡನೇ ಸಲ ಓದಬೇಕಾದ್ದು. ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ, ತ.ರಾ.ಸು. ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಹೊಸ ಪುಸ್ತಕ ಅರ್ಧಕ್ಕೆ ನಿಲ್ಲೋದಕ್ಕೆ ಬೇಸರಪಡಬೇಡಿ. 'ತಿರುಗುಬಾಣ' ಮುಗಿದ ಮೇಲೆ, 'ದುರ್ಗಾಸ್ತಮಾನ' ತೆಗೆಯುವ ಮೊದಲು, ವಿವೇಕ ಶಾನಭಾಗರ 'ಘಾಚರ್ ಘೋಚರ್' ಓದಿ. ಎರಡು ಸಲ ಕೂತರೆ ಮುಗೀತದೆ. ಕೋಟೆ ಇಲ್ಲ, ಕತ್ತಿ ಇಲ್ಲ, ಒಂದು ಮನೆ ಅಷ್ಟೆ. ಆದರೂ ದುಡಿಯುವವನ ಸುತ್ತ ಮನೆಮಂದಿ ಹೇಗೆ ಕಾವಲು ನಿಲ್ತಾರೆ ಅನ್ನೋದನ್ನು ನೋಡಿದರೆ ಮುದ್ದಣ್ಣನ ದರ್ಬಾರು ಇನ್ನಷ್ಟು ಸ್ಪಷ್ಟ ಕಾಣ್ತದೆ.